ಓದುಗರ ಪ್ರಶ್ನೆ: ಸೆಲಾಯಾ ಎಂಥ ಊರು?

ಹೋದ ಸಂಚಿಕೆಯಲ್ಲಿ ಕಾರು ಕಾರ್ಖಾನೆಗಳ ಬಗ್ಗೆ ಬರೆಯುವಾಗ ಮೆಕ್ಸಿಕೋದ ಸೆಲಾಯಾ ಅನ್ನೋ ಊರಿನ ಹೆಸರು ಬಂದಿತ್ತು. ಅಷ್ಟಕ್ಕೇ ಇಷ್ಟು ಪತ್ರಗಳು ಬಂದಿವೆ. ಒಂದೊಂದಕ್ಕೆ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲೇ ಸೇರಿಸಿದ್ದೇನೆ.

ಪ್ರಶ್ನೆ: ನನ್ನ ತಂಗಿಯ ಮಗ ವಾಹನ ಬಿಡಿಭಾಗದ ಕಂಪನಿಯಲ್ಲಿದ್ದಾನೆ. ಅವನನ್ನು ಸೆಲಾಯಾಗೆ ಕಳಿಸುತ್ತಾರಂತೆ. ಮನೆಯಲ್ಲಿ ಯಾರೂ ಆ ಹೆಸರೇ ಕೇಳಿರಲಿಲ್ಲ. ಎಂಥ ಊರು ಸಾರ್ ಅದು? (ಕೋಲಾರದ ಓದುಗರು)

ಉತ್ತರ: ತೀರಾ ಸಣ್ಣದಲ್ಲ, ಮಹಾನಗರವೂ ಅಲ್ಲ. ಮೆಕ್ಸಿಕೋ ಸಿಟಿಯಿಂದ ವಾಯವ್ಯಕ್ಕೆ ಸುಮಾರು 260 ಕಿಲೋಮೀಟರ್ ದೂರದಲ್ಲಿದೆ. ಗ್ವಾನಾಹ್ವಾತೊ ರಾಜ್ಯದಲ್ಲಿ ಲಿಯೋನ್, ಇರಾಪ್ವಾತೊ ಬಿಟ್ಟರೆ ಇದೇ ದೊಡ್ಡ ಊರು. 2020ರ ಜನಗಣತಿಯಲ್ಲಿ ಸುತ್ತಲಿನ ಹಳ್ಳಿಗಳೂ ಸೇರಿ 5.21 ಲಕ್ಷ ಜನ. ಸಮುದ್ರಮಟ್ಟಕ್ಕಿಂತ ಸುಮಾರು 1,750 ಮೀಟರ್ ಎತ್ತರದಲ್ಲಿರುವುದರಿಂದ ಚಳಿಗಾಲದ ರಾತ್ರಿಗಳು ಚೆನ್ನಾಗಿಯೇ ತಣ್ಣಗಿರುತ್ತವೆ. ಏಪ್ರಿಲ್-ಮೇನಲ್ಲಿ ಬಿಸಿಲು, ಜೂನ್‌ನಿಂದ ಮಳೆ. ಹುಡುಗನ ಪೆಟ್ಟಿಗೆಯಲ್ಲಿ ಒಂದು ಸ್ವೆಟರ್ ಇರಲಿ.

ಆದರೆ ಈ ಊರು ಅರ್ಥವಾಗಬೇಕಾದರೆ ಅದರ ನೆಲ ನೋಡಬೇಕು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಸಮತಟ್ಟಾದ ಬಯಲು, ಬಹುಪಾಲು ಕಪ್ಪು ಎರೆಮಣ್ಣು. ಈ ಸೀಮೆಗೆ ಬಾಹೀಯೊ ಅಂತ ಹೆಸರು. ಸ್ಪೇನಿನವರು 1570-71ರಲ್ಲಿ ಇಲ್ಲಿ ಊರು ಕಟ್ಟಿದರು. ಉತ್ತರದ ಗ್ವಾನಾಹ್ವಾತೊ, ಸಕಾತೆಕಾಸ್ ಬೆಟ್ಟಗಳಲ್ಲಿ ಬೆಳ್ಳಿ ಗಣಿಗಳಿದ್ದವು, ಅಲ್ಲಿ ದುಡಿಯುವ ಜನಕ್ಕೂ ಹೇಸರಗತ್ತೆಗಳಿಗೂ ಕಾಳು ಬೇಕಿತ್ತು, ಆ ಕಾಳು ಬೆಳೆದು ಕಳಿಸಿದ್ದು ಈ ಬಯಲು. ಇವತ್ತಿಗೂ ಊರು ಮುಗಿಯುತ್ತಿದ್ದಂತೆ ಹೊಲ ಶುರು. ಜೋಳ, ಮುಸುಕಿನ ಜೋಳ, ಗೋಧಿ, ಬಾರ್ಲಿ, ಹಸುಗಳಿಗೆ ಕುದುರೆ ಮಸಾಲೆ ಸೊಪ್ಪು, ಅಮೆರಿಕಕ್ಕೆ ಹೋಗುವ ಬ್ರೊಕೊಲಿ. ಊರ ಹೊರಗಿನ ರೋಕೆ ಎಂಬಲ್ಲಿ ಹಳೆಯ ಜಮೀನ್ದಾರಿ ಬಂಗಲೆಯಲ್ಲಿ ಶುರುವಾದ ಕೃಷಿ ಶಾಲೆ ಈಗ ಕಾಲೇಜಾಗಿದೆ.

ಪ್ರಶ್ನೆ: ಇಷ್ಟು ಒಳ್ಳೆಯ ಹೊಲ ಇರುವ ಕಡೆ ಕಾರ್ಖಾನೆ ಯಾಕೆ ತಂದರು? (ತುಮಕೂರು)

ಉತ್ತರ: ಮೊದಲ ಕಾರಣ ರೈಲು. ಮೆಕ್ಸಿಕೋ ಸಿಟಿಯಿಂದ ಅಮೆರಿಕದ ಗಡಿಗೆ ಹೋಗುವ ಎರಡು ದೊಡ್ಡ ಮಾರ್ಗಗಳು ಸೆಲಾಯಾದಲ್ಲೇ ಒಂದನ್ನೊಂದು ದಾಟುತ್ತವೆ. 1994ರಲ್ಲಿ ಅಮೆರಿಕ, ಕೆನಡಾ ಜೊತೆ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಈ ಕೂಡುದಾರಿಗೆ ಬೆಲೆ ಬಂತು. ಸಮತಟ್ಟು ಜಾಗ, ರಸ್ತೆ, ಕಡಿಮೆ ಕೂಲಿ, ತಾಂತ್ರಿಕ ಕಾಲೇಜಿನಿಂದ ಬರುವ ಎಂಜಿನಿಯರುಗಳು, ಎಲ್ಲವೂ ಇದ್ದವು. ಹೋಂಡಾ 2014ರಲ್ಲಿ ಇಲ್ಲಿ ಕಾರು ತಯಾರಿಸಲು ಶುರು ಮಾಡಿತು, ವರ್ಷಕ್ಕೆ 2 ಲಕ್ಷ ಕಾರು ಮಾಡುವಷ್ಟು ದೊಡ್ಡ ಘಟಕ. ಅದೇ ವರ್ಷ ಪಕ್ಕದ ಸಾಲಮಾಂಕಾದಲ್ಲಿ ಮಾಜ್ದಾ. ಆಮೇಲೆ ಇನ್ನೊಂದು ಪಕ್ಕದ ಅಪಾಸೆಯೊದಲ್ಲಿ ಟೊಯೋಟಾ. ನಿಮ್ಮ ಕಡೆಯವರಿಗೆ ಹೇಳಬೇಕಾದರೆ, ಕೋಲಾರದ ನರಸಾಪುರದಲ್ಲಿ ಸ್ಕೂಟರ್ ತಯಾರಿಸುವ ಹೋಂಡಾ ಬಳಗದವರೇ ಇವರು.

ಕಾರಿಗಿಂತ ಮುಂಚೆಯೂ ಇಲ್ಲಿ ಉದ್ಯಮವಿತ್ತು, ಅದು ಹೊಲಕ್ಕೆ ಅಂಟಿಕೊಂಡ ಉದ್ಯಮ. ಮೆಕ್ಸಿಕೋದ ಅತಿ ದೊಡ್ಡ ಕೋಳಿ ಕಂಪನಿ ಬಚೋಕೊ ಇದೆಯಲ್ಲ, ಅದರ ಮುಖ್ಯ ಕಚೇರಿ ಇದೇ ಊರಲ್ಲಿ. ಜೋಳ ಬೆಳೆಯುವ ಕಡೆ ಕೋಳಿ ಸಾಕುವುದು ಸಲೀಸು. ನನ್ನ ಕಣ್ಣಿಗೆ ಈ ಊರಿನ ನಿಜವಾದ ಬೇರು ಇಲ್ಲಿದೆ, ಕಾರಿನಲ್ಲಲ್ಲ.

ಪ್ರಶ್ನೆ: ನಾನು ಬೋರ್‌ವೆಲ್ ನಂಬಿ ತರಕಾರಿ ಬೆಳೆಯುವವನು. ಅಲ್ಲಿನ ರೈತರಿಗೆ ನೀರು ಎಲ್ಲಿಂದ? (ಚಿಕ್ಕಬಳ್ಳಾಪುರ)

ಉತ್ತರ: ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ಅವರಿಗೂ ನಿಮ್ಮ ಹಾಗೆ ನೆಲದೊಳಗಿಂದಲೇ, ಸರ್.

ಲಾಹಾ ಅನ್ನೋ ನದಿ ಇದೆ, ಮೇಲ್ಗಡೆ ಸಾನ್ ಮಿಗೆಲ್ ದೆ ಅಯೆಂದೆ ಹತ್ತಿರ ಅದಕ್ಕೆ ಅಣೆಕಟ್ಟೂ ಇದೆ, ಕಾಲುವೆ ನೀರೂ ಸಿಗುತ್ತದೆ. ಅದು ಸಾಲದು. ಹೊಲಕ್ಕೆ, ಮನೆಗೆ, ಕಾರ್ಖಾನೆಗೆ ಎಲ್ಲಕ್ಕೂ ಕೊಳವೆಬಾವಿ. ಮಳೆಯಿಂದ ಎಷ್ಟು ನೀರು ಒಳಗೆ ಇಳಿಯುತ್ತದೋ ಅದಕ್ಕಿಂತ ಜಾಸ್ತಿ ನೀರನ್ನು ದಶಕಗಳಿಂದ ಮೇಲಕ್ಕೆತ್ತುತ್ತಿದ್ದಾರೆ. ನೀರಾವರಿ ಪಂಪಿಗೆ ಸರ್ಕಾರ ಕಡಿಮೆ ದರದಲ್ಲಿ ಕರೆಂಟು ಕೊಡುತ್ತದೆ, ಹಾಗಾಗಿ ಎತ್ತುವುದಕ್ಕೆ ಕೈ ತಡೆಯುವವರಿಲ್ಲ. ನಮ್ಮಲ್ಲಿ ಕರೆಂಟು ಪುಕ್ಕಟೆ, ಅಲ್ಲಿ ಅಗ್ಗ, ವ್ಯತ್ಯಾಸ ಅಷ್ಟೇ.

ಇದರ ಫಲ ಊರಿನ ಗೋಡೆಗಳ ಮೇಲೆ ಕಾಣುತ್ತದೆ. ಬಯಲಿನ ಅಡಿಯಲ್ಲಿ ಜೇಡಿ, ಮರಳು, ಜ್ವಾಲಾಮುಖಿ ಕಲ್ಲು ಪದರಪದರವಾಗಿವೆ. ನೀರು ಖಾಲಿಯಾದ ಕಡೆ ಜೇಡಿ ಅಮುಕಿಕೊಳ್ಳುತ್ತದೆ, ಮೇಲಿನ ನೆಲ ಕುಸಿಯುತ್ತದೆ. ಎಲ್ಲ ಕಡೆ ಒಂದೇ ಸಮನೆ ಕುಸಿದಿದ್ದರೆ ಯಾರಿಗೂ ಅಷ್ಟು ಗೊತ್ತಾಗುತ್ತಿರಲಿಲ್ಲ. ಆದರೆ ಕೆಳಗೆ ಹಳೆಯ ಸ್ತರಭಂಗಗಳಿವೆ, ಅಂದರೆ ನೆಲದ ಪದರಗಳು ಮುರಿದು ಸರಿದ ಗೆರೆಗಳು, ಅವುಗಳ ಒಂದು ಬದಿ ಹೆಚ್ಚು ಇಳಿಯುತ್ತದೆ, ಇನ್ನೊಂದು ಬದಿ ಕಡಿಮೆ. ಹಾಗಾಗಿ ಊರಿನ ನಡುವೆ ಉದ್ದುದ್ದ ಬಿರುಕುಗಳು. ರಸ್ತೆ ಮೆಟ್ಟಿಲಾಗುತ್ತದೆ, ಮನೆ ಗೋಡೆ ಸೀಳುತ್ತದೆ, ನೀರಿನ ಪೈಪು ಒಡೆಯುತ್ತದೆ. ಇದು ಭೂಕಂಪವಲ್ಲ, ನಿಧಾನವಾಗಿ ನಡೆಯುವ ಕುಸಿತ, ಮತ್ತು ಮನುಷ್ಯರೇ ಮಾಡಿಕೊಂಡದ್ದು. ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆ ಬಿರುಕಿನ ಮೇಲೆ ಬಂದರೆ ಆ ಸಂಸಾರದ ಗತಿ ಏನು, ಹೇಳಿ. ಆ ಮನೆಯವರು ಒಂದು ಬಾವಿಯನ್ನೂ ಕೊರೆಸಿದವರಲ್ಲ.

ಈ ಬಯಲಿನಲ್ಲಿ ನೀರಿನ ಇನ್ನೊಂದು ಮುಖವೂ ಇದೆ. 2018ರ ಜೂನ್ ಕೊನೆಯಲ್ಲಿ ಜೋರು ಮಳೆ ಬಂದು ಹೊಳೆ ಉಕ್ಕಿತು, ಹೋಂಡಾ ಘಟಕದೊಳಗೆ ನೀರು ನುಗ್ಗಿ ತಿಂಗಳುಗಟ್ಟಲೆ ಕಾರು ತಯಾರಿಕೆ ನಿಂತೇಹೋಯಿತು. ಮೇಲೆ ಪ್ರವಾಹ ಬಂತೆಂದು ಕೆಳಗಿನ ಪಾತಾಳ ತುಂಬುವುದಿಲ್ಲ. ಎರೆಮಣ್ಣಿನಲ್ಲಿ ನೀರು ಇಂಗುವುದೇ ಕಷ್ಟ.

ಯಾರು ಕಡಿಮೆ ಮಾಡಬೇಕು ಅಂತ ಕೇಳಿದರೆ, ನನಗನ್ನಿಸುವುದು ಇಷ್ಟು: ಅತಿ ಹೆಚ್ಚು ಎತ್ತುವುದು ಹೊಲ, ಹಾಗಾಗಿ ಬದಲಾವಣೆ ಅಲ್ಲಿಂದಲೇ ಬರಬೇಕು. ಆದರೆ ರೈತನೊಬ್ಬನ ತಲೆಗೆ ಕಟ್ಟಿ ಸುಮ್ನೆ ಕೂರುವುದು ಅನ್ಯಾಯ. ಕುದುರೆ ಮಸಾಲೆ ವರ್ಷವಿಡೀ ನೀರು ಕುಡಿಯುವ ಬೆಳೆ. ಅದನ್ನು ಬಿಡು ಅಂದರೆ, ಬಿಟ್ಟವನಿಗೆ ಹನಿ ನೀರಾವರಿಗೆ ದುಡ್ಡು, ಬೇರೆ ಬೆಳೆಗೆ ಬೆಲೆ, ಎರಡನ್ನೂ ಸರ್ಕಾರವೇ ಕೊಡಬೇಕು.

ಪ್ರಶ್ನೆ: ಸೆಲಾಯಾ ಅಂತ ಹುಡುಕಿದರೆ ಬರೀ ಕೊಲೆ ಸುದ್ದಿ. ನಿಜವೇ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಜ. ಮುಚ್ಚಿಡುವುದಿಲ್ಲ. ಸಾಲಮಾಂಕಾದಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕವಿದೆ. ಅದರ ಪೈಪುಗಳಿಗೆ ತೂತು ಕೊರೆದು ಪೆಟ್ರೋಲ್ ಕದಿಯುವ ಗ್ಯಾಂಗ್ ಸಾಂತಾ ರೋಸಾ ದೆ ಲೀಮಾ ಎಂಬ ಹಳ್ಳಿಯ ಹೆಸರಿನಲ್ಲಿ ಬೆಳೆಯಿತು, ಪಕ್ಕದ ಹಾಲಿಸ್ಕೊ ರಾಜ್ಯದ ದೊಡ್ಡ ಗ್ಯಾಂಗ್ ಅದರ ಜೊತೆ ಕಾದಾಟಕ್ಕೆ ಬಂತು, ನಡುವೆ ಸಿಕ್ಕವರು ಊರ ಜನ. ಅಂಗಡಿಗಳಿಂದ ಮಾಮೂಲು ಕೀಳುವುದು ಎಷ್ಟು ಹೆಚ್ಚಿತೆಂದರೆ 2019ರಲ್ಲಿ ರೊಟ್ಟಿ ಅಂಗಡಿಯವರು ಬಾಗಿಲು ಹಾಕಿ ಪ್ರತಿಭಟಿಸಿದರು. 2020ರ ಆಗಸ್ಟ್‌ನಲ್ಲಿ ಆ ಸ್ಥಳೀಯ ಗ್ಯಾಂಗಿನ ಮುಖಂಡ ಸಿಕ್ಕಿಬಿದ್ದ. ರಕ್ತಪಾತ ನಿಲ್ಲಲಿಲ್ಲ. 2024ರ ಏಪ್ರಿಲ್ 1ರಂದು ಮೇಯರ್ ಸ್ಥಾನದ ಅಭ್ಯರ್ಥಿ ಹಿಸೇಲಾ ಗೈತಾನ್ ಅವರನ್ನು ಪ್ರಚಾರ ಶುರುವಾದ ದಿನವೇ ಗುಂಡಿಟ್ಟು ಕೊಂದರು.

ಇಷ್ಟರ ನಡುವೆಯೂ ಲಕ್ಷಾಂತರ ಜನ ಅಲ್ಲಿ ಶಾಲೆಗೆ, ಕೆಲಸಕ್ಕೆ, ಸಂತೆಗೆ ಹೋಗುತ್ತಾರೆ. ಮೊದಲ ಪತ್ರದ ಕೋಲಾರದ ಹುಡುಗ ಹೋಗುವುದಾದರೆ ಕಂಪನಿಯ ಬಸ್ಸಿನಲ್ಲೇ ಓಡಾಡಲಿ, ರಾತ್ರಿ ಹೆದ್ದಾರಿಗೆ ಇಳಿಯುವುದು ಬೇಡ. ಸುಮಾರು 50 ಕಿಲೋಮೀಟರ್ ಪೂರ್ವಕ್ಕೆ ಕೆರೆತಾರೊ ನಗರವಿದೆ. ಅಲ್ಲಿ ಮನೆ ಮಾಡಿ ಇಲ್ಲಿಗೆ ಬಂದು ಹೋಗಬಹುದೇ ಅಂತ ಕಂಪನಿಯನ್ನು ಮೊದಲೇ ಕೇಳಲಿ.

ಪ್ರಶ್ನೆ: ಮೆಕ್ಸಿಕೋ ಕ್ರಾಂತಿಯ ಸೇನಾನಿ ಪಾಂಚೊ ವಿಯಾ ಸೋತದ್ದು ಇದೇ ಊರಲ್ಲಾ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಹೌದಮ್ಮ, 1915ರ ಏಪ್ರಿಲ್‌ನಲ್ಲಿ, ಎರಡು ಸುತ್ತಿನ ಕಾಳಗದಲ್ಲಿ. ವಿಯಾನ ಬಲ ಕುದುರೆ ಸವಾರರು. ಎದುರಿಗಿದ್ದ ಆಲ್ವಾರೊ ಒಬ್ರೆಗೋನ್ ಸೈನಿಕ ಶಾಲೆ ಕಂಡವನಲ್ಲ, ಮೆಕ್ಸಿಕೋದ ಸೊನೋರಾ ರಾಜ್ಯದಲ್ಲಿ ಕಡಲೆ ಬೆಳೆಯುತ್ತಿದ್ದ ರೈತ. ಅವನು ಈ ಹೊಲಗಳ ನೀರಿನ ಕಾಲುವೆಗಳನ್ನೇ ಕಂದಕ ಮಾಡಿಕೊಂಡ, ಮುಂದೆ ಮುಳ್ಳುತಂತಿ ಎಳೆದ, ಮೆಷಿನ್ ಗನ್ ಇಟ್ಟ. ಕುದುರೆಗಳು ಕಾಲುವೆಯಿಂದ ಕಾಲುವೆಗೆ ತಡೆದು ನಿಂತವು, ಸವಾರರು ಸಾವಿರಗಟ್ಟಲೆ ಸತ್ತರು. ನೀರು ಹಾಯಿಸಿ ಬಲ್ಲವನಿಗೆ ಕಾಲುವೆ ಎಲ್ಲಿ ತಿರುಗುತ್ತದೆ ಅಂತ ಗೊತ್ತಿರುತ್ತದೆ, ಅಲ್ವಾ? ಒಬ್ರೆಗೋನ್ ಬಲಗೈ ಕಳಕೊಂಡದ್ದೂ ಇಲ್ಲೇ ಅಂತ ಕೆಲವರು ಬರೆಯುತ್ತಾರೆ. ಅಲ್ಲ, ಅದು ಜೂನ್‌ನಲ್ಲಿ, ಲಿಯೋನ್ ಹತ್ತಿರ.

ಪ್ರಶ್ನೆ: ಫುಟ್‌ಬಾಲ್ ಏನಾದರೂ? (ಮಡಿಕೇರಿ)

ಉತ್ತರ: ಸ್ಪೇನಿನ ಹೆಸರಾಂತ ಆಟಗಾರ ಬುತ್ರಗೇನ್ಯೊ ರಿಯಲ್ ಮ್ಯಾಡ್ರಿಡ್ ತಂಡ ಬಿಟ್ಟು ಬಂದು 1995ರಿಂದ ಆಡಿದ್ದು ಈ ಊರಿನ ತಂಡಕ್ಕೆ. ಮೊದಲ ವರ್ಷವೇ ರಾಷ್ಟ್ರೀಯ ಲೀಗ್‌ನ ಫೈನಲ್ ಮುಟ್ಟಿದರು, ಗೆಲ್ಲಲಿಲ್ಲ.

ಪ್ರಶ್ನೆ: ನಮ್ಮ ಹುಡುಗ ಸಸ್ಯಾಹಾರಿ. ಏನು ತಿನ್ನಬಹುದು? (ಮತ್ತೆ ಕೋಲಾರದವರೇ, ಈ ಸಲ ಹುಡುಗನ ಅಮ್ಮ)

ಉತ್ತರ: ಉಪವಾಸ ಬೀಳುವುದಿಲ್ಲ ಅಮ್ಮ. ಮುಸುಕಿನ ಜೋಳದ ರೊಟ್ಟಿ, ಹುರುಳಿಕಾಯಿ ಜಾತಿಯ ಕಾಳು, ಪಾಪಾಸುಕಳ್ಳಿಯ ಎಳೆ ಪಟ್ಟೆಯ ಪಲ್ಯ, ಕುಂಬಳ ಹೂವು, ಬೆಣ್ಣೆಹಣ್ಣು, ಬೇಕಾದಷ್ಟು ಮೆಣಸಿನಕಾಯಿ. ಸಿಹಿಗೆ ಈ ಊರಿನ ಹೆಮ್ಮೆಯ ಕಹೇತಾ. ಆಡಿನ ಹಾಲಿಗೆ ಸಕ್ಕರೆ, ಚಿಟಿಕೆ ಅಡುಗೆ ಸೋಡಾ ಹಾಕಿ ತಾಮ್ರದ ಕಡಾಯಿಯಲ್ಲಿ ಗಂಟೆಗಟ್ಟಲೆ ತಿರುವುತ್ತಾರೆ, ಕಂದು ಬಣ್ಣಕ್ಕೆ ಬಂದು ಜೇನಿನ ಹಾಗೆ ಎಳೆ ಬರುವವರೆಗೆ. ಮದ್ಯ ಬೆರೆಸಿದ್ದೂ ಸಿಗುತ್ತದೆ, ಬಾಟಲಿಯ ಮೇಲೆ ನೋಡಿ ಕೊಳ್ಳಲಿ.

ಎಚ್ಚರ ಬೇಕಾದ್ದು ಬೇರೆ ಕಡೆ. ಹೋಟೆಲಿನಲ್ಲಿ ಅರೆದ ಕಾಳಿಗೆ ಹಂದಿ ಕೊಬ್ಬು ಹಾಕುವುದುಂಟು, ಗೋಧಿ ರೊಟ್ಟಿಗೂ ಹಾಕುತ್ತಾರೆ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ. ಕೇಳದೆ ತಿನ್ನುವುದು ಬೇಡ. ಸಂತೆಯಲ್ಲಿ ತರಕಾರಿ ಚೆನ್ನಾಗಿ ಸಿಗುತ್ತದೆ, ಕುಕ್ಕರ್ ಮತ್ತು ಸಾರಿನ ಪುಡಿ ಕಳಿಸಿ.