ಟ್ಯೂಬಿಂಗನ್‌ಗೆ ಓದಲು ಬರುತ್ತಿರುವವರಿಗೆ: ಉಣ್ಣುವ, ಕೂರುವ, ಅಡ್ಡಾಡುವ ಜಾಗಗಳು

ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆ ನೀವು ಜರ್ಮನಿಯ ಟ್ಯೂಬಿಂಗನ್‌ಗೆ ಬರುತ್ತಿರುವುದಾಗಿ ತಿಳಿಸಿ, ಇಲ್ಲಿನ ವಿದ್ಯಾರ್ಥಿಗಳು ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ, ಸಂಜೆ ಎಲ್ಲಿ ಸೇರುತ್ತಾರೆ, ಸಸ್ಯಾಹಾರಿಗೆ ಏನು ಸಿಕ್ಕೀತು ಎಂದು ಕೇಳಿದ್ದೀರಿ. ಇಲ್ಲಿಗೆ ಓದಲೆಂದು ಬಂದು ಇಲ್ಲಿಯೇ ನೆಲೆಯೂರಿದವನು ನಾನು. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೊಂದರ ಸುತ್ತ ಬೆಳೆದ, ಸುಮಾರು 90,000 ಜನಸಂಖ್ಯೆಯ ಈ ಊರಿನಲ್ಲಿ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಿನ ಜಾಗಗಳು ಹೋಟೆಲುಗಳಲ್ಲ. ಒಂದು ಗೋಡೆ, ಒಂದು ಚೌಕ. ಇದನ್ನು ಅರಿಯದೆ ಮೊದಲ ಕೆಲವು ತಿಂಗಳು ನಾನು ಕೆಫೆಗಳಲ್ಲಿ ದುಡ್ಡು ಸುರಿದೆ.

ಮಧ್ಯಾಹ್ನದ ಊಟಕ್ಕೆ ಮೆನ್ಸಾ ಎಂದು ಕರೆಯುವ ವಿದ್ಯಾರ್ಥಿ ಭೋಜನಶಾಲೆಯನ್ನೇ ನೆಚ್ಚಿಕೊಳ್ಳಿ. ವಿದ್ಯಾರ್ಥಿ ಕಾರ್ಡು ತೋರಿಸಿದವರಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಹೆಚ್ಚಿನ ದರವಿರುವುದರಿಂದ ಕಾರ್ಡು ಕೈಗೆ ಬಂದ ದಿನದಿಂದಲೇ ಲಾಭ ಶುರುವಾಗುತ್ತದೆ. ಸಸ್ಯಾಹಾರದ ಅಡುಗೆ ದಿನವೂ ಇರುತ್ತದೆ, ಆದರೆ ಉಪ್ಪು ಖಾರದ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಈ ಸ್ವಾಬಿಯಾ ಪ್ರಾಂತದ ತಿನಿಸುಗಳಲ್ಲಿ ನಿಮಗೆ ಒಗ್ಗುವುದು ಕೇಸ್‌ಶ್ಪೆಟ್ಸ್ಲೆ: ಮೊಟ್ಟೆ ಬೆರೆಸಿದ ಹಿಟ್ಟಿನ ಎಳೆಗಳ ಮೇಲೆ ಕರಗಿದ ಚೀಸ್, ಅದರ ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ. ಮೊಟ್ಟೆಯೂ ಬೇಡವೆಂದಾದರೆ ಮೊದಲೇ ಕೇಳಿಕೊಳ್ಳಿ. ಮಾಲ್ಟಾಶೆನ್ ಎಂಬ, ನೋಡಲು ಚೌಕಾಕಾರದ ಕಡುಬಿನಂತಿರುವ ತಿನಿಸಿನ ಬಗ್ಗೆ ಎಚ್ಚರವಿರಲಿ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಅಡಗಿಸಲು ಇದನ್ನು ಕಂಡುಹಿಡಿದರೆಂದು ಇಲ್ಲಿನವರೇ ನಗುತ್ತಾ ಹೇಳುತ್ತಾರೆ. ಹಳೆ ಪೇಟೆಯ ಮೆಟ್ಸ್ಗರ್‌ಗಾಸೆ, ಅಂದರೆ ಕಸಾಯಿಯವರ ಓಣಿಯಲ್ಲಿ, ಕಡಲೆಯ ಹೆಸರನ್ನೇ ಇಟ್ಟುಕೊಂಡ ‘ಕಿಶರ್‌ಎರ್ಬ್ಸೆ’ ಎಂಬ, ಫಲಾಫೆಲ್ ಎನ್ನುವ ಕಡಲೆ ವಡೆಯ ಅಂಗಡಿಯ ಮುಂದೆ ವಿದ್ಯಾರ್ಥಿಗಳು ಸಾಲು ನಿಲ್ಲುವುದು ನನಗೆ ಈಗಲೂ ತಮಾಷೆಯಾಗಿಯೇ ಕಾಣುತ್ತದೆ.

ಒಂದು ಲೋಟವನ್ನೂ ಒಂದು ಡಬ್ಬಿಯನ್ನೂ ಚೀಲದಲ್ಲಿ ಸದಾ ಇಟ್ಟುಕೊಳ್ಳಿ. 2022ರ ಜನವರಿ 1ರಿಂದ ಈ ಊರಿನಲ್ಲಿ ಬಳಸಿ ಬಿಸಾಡುವ ಲೋಟ ಮತ್ತು ಪೊಟ್ಟಣಗಳಿಗೆ ತಲಾ 50 ಸೆಂಟ್, ಚಮಚ ಮುಳ್ಳುಚಮಚಗಳಿಗೆ 20 ಸೆಂಟ್ ತೆರಿಗೆಯಿದೆ. ತೆರಿಗೆ ಕಟ್ಟುವವನು ಅಂಗಡಿಯವನಾದರೂ ಅದು ಸಾಮಾನ್ಯವಾಗಿ ಬಂದು ಕೂರುವುದು ನಮ್ಮ ಬಿಲ್ಲಿನ ಮೇಲೆಯೇ. ಇದನ್ನು ಪ್ರಶ್ನಿಸಿದ ಮೊಕದ್ದಮೆ ಜರ್ಮನಿಯ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, ತೆರಿಗೆ ಸರಿಯೆಂದೇ 2025ರ ಜನವರಿಯಲ್ಲಿ ತೀರ್ಪು ಹೊರಬಿತ್ತು. ದಿನಕ್ಕೆರಡು ಕಾಫಿ ಕುಡಿಯುವ ವಿದ್ಯಾರ್ಥಿಗೆ ತಿಂಗಳ ಕೊನೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ಇನ್ನು ನಾನು ಹೇಳಿದ ಗೋಡೆಯ ವಿಚಾರ. ಎಬರ್‌ಹಾರ್ಡ್ ಸೇತುವೆಯ ಪಕ್ಕದಿಂದ ನೆಕ್ಕರ್ ನದಿಯ ದಡದಗುಂಟ ಸಾಗುವ ಹಳೆಯ ಕಲ್ಲುಗೋಡೆಯ ಮೇಲೆ, ಬಿಸಿಲು ಬಿದ್ದ ದಿನ, ಕಾಲುಗಳನ್ನು ನೀರಿನ ಕಡೆಗೆ ಇಳಿಬಿಟ್ಟು ವಿದ್ಯಾರ್ಥಿಗಳು ಸಾಲಾಗಿ ಕುಳಿತಿರುತ್ತಾರೆ. ಹಿಂದೆ ಹಳದಿ, ಗುಲಾಬಿ ಬಣ್ಣದ ಮನೆಗಳು, ಅವುಗಳ ನಡುವೆ ಕವಿ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೂ ವಾಸವಿದ್ದ ಹಳದಿ ಗೋಪುರ, ಎದುರಿಗೆ ಚಿನಾರ್ ಜಾತಿಯ ಮರಗಳ ಸಾಲಿರುವ ನಡುಗಡ್ಡೆ. ಅಲ್ಲಿ ಯಾರೂ ಯಾರಿಗೂ ಜಾಗ ಕಾದಿರಿಸುವುದಿಲ್ಲ, ಏನನ್ನಾದರೂ ಕೊಳ್ಳಲೇಬೇಕೆಂಬ ಒತ್ತಾಯವೂ ಇಲ್ಲ. ಕೈಯಲ್ಲಿ ತಟ್ಟೆ ಬೇಕೆನಿಸಿದವರಿಗೆ ಸೇತುವೆಯ ಬಳಿಯೇ ನೆಕ್ಕರ್‌ಮ್ಯುಲ್ಲರ್ ಎಂಬ ಬಿಯರ್ ತೋಟವಿದೆ. ಮದ್ಯ ಕುಡಿಯದವರು ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಗೋಡೆಯಿಂದ ಕಾಣುವ ಉದ್ದನೆಯ ಮರದ ದೋಣಿಗಳ ಹೆಸರು ಶ್ಟೊಖರ್‌ಕಾನ್. ಇವಕ್ಕೆ ಹುಟ್ಟು ಇಲ್ಲ. ಹಿಂಬದಿಯಲ್ಲಿ ನಿಂತವನು ಮಾರುಗಟ್ಟಲೆ ಉದ್ದದ ಜಲ್ಲೆಯನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾನೆ. ಗೆಳೆಯರ ಮಾತಿಗೆ ಕಟ್ಟುಬಿದ್ದು ಒಮ್ಮೆ ನಾನೂ ಜಲ್ಲೆ ಹಿಡಿದೆ. ಕೆಸರಿನಲ್ಲಿ ಅದು ಕಚ್ಚಿಕೊಂಡಾಗ ತಕ್ಷಣ ಕೈಬಿಡಬೇಕೆಂಬುದನ್ನು ಯಾರೂ ಹೇಳಿರಲಿಲ್ಲವಾದ್ದರಿಂದ, ದೋಣಿ ತನ್ನ ಪಾಡಿಗೆ ಮುಂದಕ್ಕೆ ಸಾಗಿತು, ನಾನು ಜಲ್ಲೆಯನ್ನು ತಬ್ಬಿಕೊಂಡೇ ನಿಧಾನವಾಗಿ ನೀರಿಗಿಳಿದೆ, ಗೋಡೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೇ ಅಥವಾ ಜೂನ್ ತಿಂಗಳಲ್ಲಿ ಬರುವ ಫ್ರೋನ್‌ಲೈಖ್ನಾಮ್ ಎಂಬ ಕ್ರೈಸ್ತ ಹಬ್ಬದ ದಿನ ಈ ದೋಣಿಗಳ ಪಂದ್ಯ ನಡೆಯುತ್ತದೆ, ಕೊನೆಯಲ್ಲಿ ಬಂದ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು. ಗೆಲ್ಲುವವರಿಗಿಂತ ಸೋಲುವವರನ್ನು ನೋಡಲಿಕ್ಕೇ ಜನ ಹೆಚ್ಚು ಸೇರುತ್ತಾರೆಂಬುದು ನನ್ನ ಗುಮಾನಿ.

ಚೌಕವೆಂದರೆ ಮಾರ್ಕ್ಟ್‌ಪ್ಲಾಟ್ಸ್. ಅಲ್ಲಿನ ಪುರಭವನ 1435ರದು, ಅದರ ಖಗೋಳ ಗಡಿಯಾರ 1511ರದು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ತರಕಾರಿ ಸಂತೆ ನೆರೆಯುತ್ತದೆ. ಸಂಜೆ ಅದೇ ಜಾಗದಲ್ಲಿ ನೆಪ್ಚೂನ್ ಕಾರಂಜಿಯ ಸುತ್ತ ವಿದ್ಯಾರ್ಥಿಗಳು ಶೀಸೆಗಳೊಂದಿಗೆ ಕುಳಿತಿರುತ್ತಾರೆ. ಸೆಮಿಸ್ಟರಿನ ಗುರುವಾರ ರಾತ್ರಿಗಳಲ್ಲಿ ಕುಣಿಯಬೇಕೆನಿಸಿದರೆ ವಿಲ್ಹೆಲ್ಮ್‌ಸ್ಟ್ರಾಸೆಯ ಕ್ಲುಬ್‌ಹೌಸ್ ಇದೆ. ನನಗೆ ಆ ಗದ್ದಲ ಎಂದೂ ಹಿಡಿಸಲಿಲ್ಲ.

ಬೆಟ್ಟದ ಮೇಲಿನ ಹೋಹೆನ್‌ಟ್ಯೂಬಿಂಗನ್ ಕೋಟೆಯನ್ನು ಮಾತ್ರ ಮೊದಲ ವಾರದಲ್ಲೇ ಹತ್ತಿ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಸುಮಾರು 40,000 ವರ್ಷಗಳ ಹಿಂದೆ ಮಹಾಗಜದ (ಮ್ಯಾಮತ್) ದಂತದಲ್ಲಿ ಕೆತ್ತಿದ, ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ ಕುದುರೆಯಿದೆ. ಅದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ, 1869ರಲ್ಲಿ, ಫ್ರೀಡ್ರಿಷ್ ಮೀಷರ್ ಗಾಯದ ಬ್ಯಾಂಡೇಜುಗಳ ಕೀವಿನಿಂದ ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ನಮಗೆ ಈ ಊರಿನೊಂದಿಗೆ ಬೇರೊಂದು ನಂಟೂ ಉಂಟು. 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟೆಲ್ ಅವರಿಗೆ 1896ರಲ್ಲಿ ಡಾಕ್ಟರೇಟ್ ನೀಡಿದ್ದು ಇದೇ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಕೋಟೆಯ ಗೋಡೆಗೊರಗಿ ಕೆಳಗಿನ ಹೆಂಚಿನ ಮಾಡುಗಳನ್ನು ನೋಡುವಾಗ ನನಗೆ ಆ ಹಿರಿಯರ ನೆನಪು ತಪ್ಪದೆ ಬರುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಅಕ್ಕಿ, ಹಾಲು, ಮೊಸರನ್ನು ಶನಿವಾರವೇ ತಂದಿಡಬೇಕು. ಅಂಗಡಿಗೆ ಹೊರಟಾಗ ಖಾಲಿ ಶೀಸೆಗಳನ್ನೂ ಒಯ್ಯಿರಿ. ಬಳಸಿ ಬಿಸಾಡುವ ಬಾಟಲಿಗೆ 25 ಸೆಂಟ್, ಸಾಮಾನ್ಯ ಬಿಯರ್ ಶೀಸೆಗೆ 8 ಸೆಂಟ್ ಠೇವಣಿ ಮರಳಿ ಸಿಗುತ್ತದೆ. ಭಾನುವಾರಕ್ಕೆ ತಕ್ಕದ್ದು ನಡಿಗೆಯೇ: ಕೋಟೆಯ ಹಿಂಬದಿಯಿಂದ ಶ್ಪಿಟ್ಸ್‌ಬೆರ್ಗ್ ಗುಡ್ಡದ ಮೇಲೆ ಸಾಗಿ ವುರ್ಮ್‌ಲಿಂಗನ್ನಿನ ಒಂಟಿ ಪ್ರಾರ್ಥನಾ ಮಂದಿರದವರೆಗೆ ಹೋಗಬಹುದು, ಇಲ್ಲವೇ ಉತ್ತರಕ್ಕೆ ಶ್ಯೋನ್‌ಬೂಖ್ ಕಾಡಿನ ಅಂಚಿನಲ್ಲಿರುವ ಬೇಬೆನ್‌ಹೌಸನ್ನಿನ ಹಳೆಯ ಮಠವನ್ನು ನೋಡಿ ಬರಬಹುದು. ನೀವು ಬರುವ ಹೊತ್ತಿಗೆ ಎಲೆಗಳು ಹಳದಿಯಾಗಿರುತ್ತವೆ, ದಾರಿ ಜಾರುತ್ತದೆ. ನಿಮ್ಮ ಊರಿನಿಂದ ಹೊರಡುವಾಗ ಚಪ್ಪಲಿಯ ಬದಲು ಹಿಡಿತವಿರುವ ಬೂಟಿಗೆ ಪೆಟ್ಟಿಗೆಯಲ್ಲಿ ಜಾಗ ಮಾಡಿಕೊಳ್ಳಿ.