ಆ ಜಮೀನು ಮಾರಿದವರು ಯಾರು?

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ತಾತ ಕಟ್ಟಿದ ಊರು’ ಲೇಖನವನ್ನು ಎರಡು ಸಲ ಓದಿದೆ. 1954ರಲ್ಲಿ ಕೃಷ್ಣಾ ಜಿಲ್ಲೆಯಿಂದ ಗಂಗಾವತಿ ಕಡೆಗೆ ಬಂದ ನಿಮ್ಮ ಕುಟುಂಬ, ಅವರು ಹಾಕಿದ ರೈಸ್ ಮಿಲ್, ಅದರ ಸುತ್ತ ಊರಾಗಿ ಬೆಳೆದ ಕ್ಯಾಂಪ್, ಅಂದರೆ ವಲಸೆ ಬಂದವರ ಬಿಡಾರ. ಒಳ್ಳೆಯ ವಿಷಯ. ಮನೆಯಲ್ಲಿ ತೆಲುಗು ಮಾತಾಡುವ ನೀವು ಇಷ್ಟು ಚೆಂದದ ಕನ್ನಡ ಬರೆದದ್ದು ಖುಷಿ ಕೊಟ್ಟಿತು. ಅಜ್ಜಿ ಬಿತ್ತನೆ ಭತ್ತದ ಗಂಟನ್ನು ಹೊಸಪೇಟೆ ತನಕ ರೈಲಿನಲ್ಲಿ ಮಡಿಲಿಂದ ಕೆಳಗಿಡದೆ ತಂದರು ಅನ್ನುವ ಸಾಲನ್ನು ದಯವಿಟ್ಟು ಮುಟ್ಟಬೇಡಿ.

ಆದರೆ ನಿಮ್ಮ ಮೊದಲ ಸಾಲು ನನಗೆ ಸಿಟ್ಟು ತರಿಸಿತು.

‘ಜನವಸತಿಯೇ ಇಲ್ಲದ ಬರಡು ಭೂಮಿಗೆ ತಾತ ಕಾಲಿಟ್ಟರು.’ ಹೀಗೆ ಶುರು ಮಾಡಿದ್ದೀರಿ. ಮೂರನೇ ಪುಟಕ್ಕೆ ಬಂದರೆ, ‘ಊರಿನ ರೈತರಿಂದ ಜಮೀನು ಅಗ್ಗಕ್ಕೆ ಸಿಕ್ಕಿತು’ ಅಂತಿದೆ. ಜನವೇ ಇಲ್ಲದಿದ್ದರೆ ಜಮೀನು ಮಾರಿದವರು ಯಾರು?

ಅದು ಎರೆ ಹೊಲ. ಮಳೆ ನಂಬಿಕೊಂಡು ಜೋಳ, ಹತ್ತಿ, ಕುಸುಬೆ ಬೆಳೆಯುತ್ತಿದ್ದ ಹೊಲ. ತುಂಗಭದ್ರಾ ಡ್ಯಾಮಿನಿಂದ 1953ರಲ್ಲಿ ಎಡದಂಡೆ ಕಾಲುವೆಗೆ ನೀರು ಬಂತು. ಹೊಲವನ್ನು ಮಟ್ಟ ಮಾಡಿಸಿ, ಬದು ಹಾಕಿಸಿ ಗದ್ದೆ ಮಾಡುವಷ್ಟು ದುಡ್ಡು ಅಲ್ಲಿನ ಎಷ್ಟೋ ರೈತರ ಕೈಯಲ್ಲಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದವರಿಗೆ ಗದ್ದೆ ಕೆಲಸ ಗೊತ್ತಿತ್ತು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ನಿಮ್ಮ ತಾತ ಜೋಪಡಿಯಲ್ಲಿ ಮಲಗಿ ದುಡಿದದ್ದು ನಿಜ. ಅದನ್ನು ಹೇಳುವುದಕ್ಕೆ ಜೋಳ ಬಿತ್ತುತ್ತಿದ್ದವನನ್ನು ಅಳಿಸಬೇಕಾಗಿಲ್ಲ, ಅಲ್ವಾ?

ಮುಂದಿನ ಸಾಲು: ‘ಈ ಭಾಗಕ್ಕೆ ಭತ್ತವನ್ನು ಮೊದಲು ಪರಿಚಯಿಸಿದವರು ತಾತ.’ ಇದು ತಪ್ಪು. ನಿಮ್ಮ ಕ್ಯಾಂಪಿನಿಂದ ಬಸ್ಸು ಹತ್ತಿ ಆನೆಗೊಂದಿಗೆ ಹೋಗಿ. ವಿಜಯನಗರದ ಅರಸರು ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿಸಿ ತೆಗೆಸಿದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ. ಗಂಗಾವತಿ ಹೆಸರಿನಲ್ಲೇ ಮೇಲಿನದು, ಕೆಳಗಿನದು ಅಂತ ಎರಡು ಹಳೇ ಕಾಲುವೆಗಳಿವೆ. ಡ್ಯಾಮ್ ಕಟ್ಟುವುದಕ್ಕಿಂತ ನಾಲ್ಕು ನೂರು ವರ್ಷ ಮೊದಲಿನ ನೀರಾವರಿ ಅದು. ಎರೆ ಹೊಲವನ್ನು ಗದ್ದೆ ಮಾಡಿದವರಲ್ಲಿ ತಾತ ಒಬ್ಬರು ಅಂತ ಬರೆಯಿರಿ. ಅವರಿಗೆ ಅದರಿಂದ ಏನೂ ಕಮ್ಮಿಯಾಗುವುದಿಲ್ಲ. ಹಾಗೆ ಬರೆದರೆ ಇನ್ನೊಂದು ಮಾತೂ ಬರಲೇಬೇಕು. ಡ್ಯಾಮಿನ ಎಡದಂಡೆ ಕಾಲುವೆಯ ಲೆಕ್ಕದಲ್ಲಿ ಭತ್ತಕ್ಕೆ ಇದ್ದ ಪಾಲು ಸಣ್ಣದು. ಜಾಸ್ತಿ ಜಮೀನು ಕಡಿಮೆ ನೀರಿನ ಬೆಳೆಗೆ ಅಂತಿತ್ತು. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದ ಹಾಗೆ ಮಾನ್ವಿ, ರಾಯಚೂರಿನ ಕೊನೇ ಭಾಗದ ರೈತರು ನೀರಿಗೆ ಕಾಯುವ ಹಾಗಾಯಿತು.

‘ಅಂದಿನ ಕೊಪ್ಪಳ ಜಿಲ್ಲೆ’ ಅನ್ನುವುದನ್ನೂ ತಿದ್ದಿಕೊಳ್ಳಿ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ತಾತ ಬಂದಿಳಿದದ್ದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ.

ಇನ್ನು ಮಿಲ್ಲಿನ ಮಾತು. ಆರು ಪುಟದಲ್ಲಿ ಅದರ ಬಗ್ಗೆ ಇರುವುದು ಒಂದೇ ಸಾಲು: ‘ಗಿರಣಿಯು ಹಗಲಿರುಳೆನ್ನದೆ ನಾಡಿಗೆ ಅನ್ನ ನೀಡಿತು.’ ಇದನ್ನು ಓದಿದಾಗ ನನಗೆ ನನ್ನ ಇಪ್ಪತ್ತಮೂರನೇ ವಯಸ್ಸು ನೆನಪಾಯಿತು.

ಆಗ ಒಂದು ಸಣ್ಣ ಪತ್ರಿಕೆಗೆ ಸೇರಿದ್ದೆ. ಒಂದು ಅಕ್ಕಿ ಮಿಲ್ಲಿನ ಬಗ್ಗೆ ಬರೆದುಕೊಂಡು ಬಾ ಅಂತ ಕಳಿಸಿದರು. ‘ಯಂತ್ರಗಳ ಆರ್ಭಟ’, ‘ಶ್ರಮದ ಬೆವರು’ ಅಂತೆಲ್ಲ ಬರೆದುಕೊಟ್ಟೆ. ಅಲ್ಲಿದ್ದ ಹಿರಿಯರು ಓದಿ, ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟು ಕೇಳಿದರು: “ಒಂದು ಚೀಲ ಭತ್ತ ಹಾಕಿದರೆ ಅಕ್ಕಿ ಎಷ್ಟು ಬರ್ತದಪ್ಪಾ?” ನನಗೆ ಗೊತ್ತಿರಲಿಲ್ಲ. ಮರುದಿನ ಮತ್ತೆ ಬಸ್ಸು ಹತ್ತಿದೆ. ಬೆಳಗಿಂದ ಸಂಜೆ ತನಕ ಮಿಲ್ಲಿನ ಮೂಲೆಯಲ್ಲಿ ಚೀಲದ ಮೇಲೆ ಕೂತೆ. ಸಂಜೆ ಹೊತ್ತಿಗೆ ನನ್ನ ರೆಪ್ಪೆಯ ಮೇಲೂ ತೌಡು ಕೂತಿತ್ತು.

75 ಕೆಜಿ ಚೀಲಕ್ಕೆ ಐವತ್ತು ಕೆಜಿಗೆ ತುಸು ಕಡಿಮೆ ಅಕ್ಕಿ. ಹದಿನೈದು ಕೆಜಿ ಹೊಟ್ಟು. ಉಳಿದದ್ದು ತೌಡು, ನುಚ್ಚು, ಧೂಳು. ಹೊಟ್ಟು, ತೌಡು ಎರಡನ್ನೂ ಒಟ್ಟಿಗೇ ತೆಗೆಯುವ ಹಳೇ ಹಲ್ಲರ್ ಯಂತ್ರದಲ್ಲಿ ಅಕ್ಕಿ ಜಾಸ್ತಿ ಮುರಿಯುತ್ತಿತ್ತು, ತೌಡಿನಲ್ಲಿ ಹೊಟ್ಟಿನ ಪುಡಿ ಬೆರೆತು ಬರುತ್ತಿತ್ತು. ಹೊಟ್ಟು ಮಾತ್ರ ಸುಲಿಯುವ ರಬ್ಬರ್ ರೋಲಿನ ಶೆಲ್ಲರ್ ಬಂದ ಮೇಲೆ ಹೊಟ್ಟು ಬೇರೆ, ತೌಡು ಬೇರೆ ಬರತೊಡಗಿತು. ಆ ತೌಡನ್ನು ಎಣ್ಣೆ ತೆಗೆಯುವವರು ಕೊಳ್ಳುವ ಹಾಗಾಯಿತು. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಅಲ್ಲಿನ ಹಮಾಲರು.

ನಿಮ್ಮ ತಾತ ಮೊದಲು ಹಾಕಿದ್ದು ಹಲ್ಲರೇ? ಆಯಿಲ್ ಎಂಜಿನ್ನಿನಿಂದ ನಡೆಯುತ್ತಿತ್ತೇ? ಬೆಳಿಗ್ಗೆ ಅದನ್ನು ತಿರುಗಿಸಿ ಚಾಲೂ ಮಾಡುತ್ತಿದ್ದವರು ಯಾರು? 1958ರಲ್ಲಿ ಅಕ್ಕಿ ಮಿಲ್ಲುಗಳಿಗೆ ಲೈಸೆನ್ಸ್ ಕಾಯ್ದೆ ಬಂದಾಗ ಏನು ಮಾಡಿದರು? ನಿಮ್ಮ ತಂದೆ ಈಗಲೂ ಗಲ್ಲಾದ ಮೇಲೆ ಕೂರುತ್ತಾರೆ ಅಂತ ನೀವೇ ಬರೆದಿದ್ದೀರಿ. ಕೇಳಿದರೆ ಹೇಳಿಯಾರು.

ಐದನೇ ಪುಟದಲ್ಲಿ ‘ಹಮಾಲರು, ಕೂಲಿ ಹೆಂಗಸರು ಮುಂತಾದವರು’ ಅಂತಿದೆ. ಆ ‘ಮುಂತಾದವರು’ ನನ್ನನ್ನು ಬಹಳ ಕಾಡಿತು. ಮಿಲ್ಲು ಬರುವ ಮೊದಲು ಹಳೇ ಕಾಲುವೆ ಕೆಳಗಿನ ಊರುಗಳಲ್ಲಿ ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದವರು ಹೆಂಗಸರು. ನಾನು ಕೂತಿದ್ದ ಮಿಲ್ಲಿನ ಅಂಗಳದಲ್ಲಿ ಅಂಥ ಒಬ್ಬ ಅಜ್ಜಿ ಮೊರ ಹಿಡಿದು ಧೂಳಿನಿಂದ ನುಚ್ಚು ಬೇರೆ ಮಾಡುತ್ತಿದ್ದರು. ಕುಟ್ಟುವ ಕೆಲಸವನ್ನು ಮಿಲ್ಲು ಕಿತ್ತುಕೊಂಡಿತ್ತು, ನುಚ್ಚು ಅವರ ಪಾಲಿಗೆ ಉಳಿದಿತ್ತು. ಅವರ ಹೆಸರನ್ನು ನಾನು ಕೇಳಲಿಲ್ಲ. ಇವತ್ತಿಗೂ ಆ ಬೇಜಾರಿದೆ.

ಮಿಲ್ಲಿನ ಗೇಟಿನ ಹತ್ತಿರ ದಿನವೂ ಚಹಾ ಹೊತ್ತಿಗೆ ಬಂದು ಕೂರುವ ಹಳೇ ಹಮಾಲರೊಬ್ಬರ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ಅವರ ಊರು ಯಾವುದು, ಅವರಪ್ಪನಿಗೆ ಹೊಲ ಇತ್ತಾ, ಇದ್ದಿದ್ದರೆ ಅದು ಯಾರಿಗೆ ಹೋಯಿತು ಅಂತ ಕೇಳಿ. ಉತ್ತರ ನಿಮ್ಮ ಮನೆಯ ಹೆಸರೇ ಆಗಿದ್ದರೂ ಬರೆಯಿರಿ. ನಾಲ್ಕು ಪುಟ ಜಾಗ ಇಟ್ಟುಕೊಂಡಿರುತ್ತೇನೆ.