ಹಿತ್ತಲಿನಿಂದಲೇ ಗೆಲಾಕ್ಸಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಊರಂಚಿನ ಬಡಾವಣೆಯಲ್ಲಿ ಮನೆ. ದೀಪಗಳ ಬೆಳಕಿಗೆ ಆಕಾಶ ಬೂದುಬಣ್ಣಕ್ಕಿರುತ್ತದೆ. 500 ಮಿ.ಮೀ. ಫೋಕಲ್ ಲೆಂತ್‌ನ 80 ಮಿ.ಮೀ. ಟೆಲಿಸ್ಕೋಪ್, ಗೈಡಿಂಗ್ ಇರುವ ಈಕ್ವಟೋರಿಯಲ್ ಮೌಂಟ್ (ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ಆಕಾಶ ತಿರುಗಿದಂತೆ ಟೆಲಿಸ್ಕೋಪನ್ನೂ ತಿರುಗಿಸುವ ಸ್ಟ್ಯಾಂಡ್), ಕೂಲಿಂಗ್ ಇರುವ ಕಲರ್ ಕ್ಯಾಮೆರಾ ಇವೆ. ಎಂ51 ಗೆಲಾಕ್ಸಿಯ ಸುರುಳಿ ತೋಳುಗಳು ಚಿತ್ರದಲ್ಲಿ ಬರುತ್ತವೆಯೇ? ಎಷ್ಟು ಗಂಟೆ ಬೇಕು?

ಉತ್ತರ: ಖಂಡಿತ ಬರುತ್ತವೆ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿ ನಕ್ಷತ್ರದಿಂದ ಸುಮಾರು ಮೂರೂವರೆ ಡಿಗ್ರಿ ದೂರದಲ್ಲಿ ಎಂ51 ಇದೆ, ಹುಡುಕುವುದು ಕಷ್ಟವಲ್ಲ. ಆದರೆ ಚಿಕ್ಕದು. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್ ಎಂದಿಟ್ಟುಕೊಂಡರೆ ಪ್ರತಿ ಪಿಕ್ಸೆಲ್‌ಗೆ 1.55 ಆರ್ಕ್‌ಸೆಕೆಂಡ್ ಆಗುತ್ತದೆ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಸುಮಾರು 11 ಆರ್ಕ್‌ಮಿನಿಟ್ ಉದ್ದದ ಈ ಗೆಲಾಕ್ಸಿ ಅದರಲ್ಲಿ 425 ಪಿಕ್ಸೆಲ್ ಜಾಗ ಹಿಡಿಯುತ್ತದೆ, ಅಷ್ಟೇ. ಕೊನೆಗೆ ಸುತ್ತಲಿನ ಭಾಗ ಕತ್ತರಿಸಿಕೊಳ್ಳಿ.

ಒಂದೊಂದು ಫ್ರೇಮ್‌ಗೆ (ಕೊನೆಗೆ ಒಟ್ಟುಗೂಡಿಸುವ ಬಿಡಿ ಚಿತ್ರಕ್ಕೆ) 60ರಿಂದ 120 ಸೆಕೆಂಡ್ ಸಾಕು. ನಿಮ್ಮ ಆಕಾಶದಲ್ಲಿ ಅಷ್ಟು ಹೊತ್ತಿಗೇ ಹಿನ್ನೆಲೆ ಬೆಳಕಿನ ನಾಯ್ಸ್ ಕ್ಯಾಮೆರಾದ ರೀಡ್ ನಾಯ್ಸನ್ನು (ಚಿತ್ರ ಓದಿಕೊಳ್ಳುವಾಗ ಕ್ಯಾಮೆರಾವೇ ಸೇರಿಸುವ ಕಲಬೆರಕೆಯನ್ನು) ಮೀರಿಸಿಬಿಡುತ್ತದೆ. ಅಲ್ಲಿಂದಾಚೆ ಫ್ರೇಮ್ ಉದ್ದ ಮಾಡಿ ಪ್ರಯೋಜನವಿಲ್ಲ. ನಕ್ಷತ್ರಗಳ ನಡುಭಾಗ ಬಿಳಿಚಿಕೊಳ್ಳುತ್ತದೆ ಅಷ್ಟೇ. ಲೆಕ್ಕಕ್ಕೆ ಬರುವುದು ಒಟ್ಟು ಸಮಯ. ಗುಣಮಟ್ಟ ಸಮಯದ ವರ್ಗಮೂಲದಂತೆ ಏರುವುದರಿಂದ, 2 ಗಂಟೆಯ ಚಿತ್ರಕ್ಕಿಂತ ಎರಡರಷ್ಟು ನಯವಾದದ್ದು ಬೇಕೆಂದರೆ 8 ಗಂಟೆ ಬೇಕು. ಆಕಾಶ ಒಂದು ಮ್ಯಾಗ್ನಿಟ್ಯೂಡ್ (ಖಗೋಳದಲ್ಲಿ ಬೆಳಕಿನ ಅಳತೆ) ಹೆಚ್ಚು ಬೆಳಗಿದರೆ ಅದೇ ಫಲಕ್ಕೆ ಎರಡೂವರೆ ಪಟ್ಟು ಸಮಯ ಹಿಡಿಯುತ್ತದೆ. ನಾಲ್ಕೈದು ರಾತ್ರಿಗಳಲ್ಲಿ 10 ಗಂಟೆ ಕೂಡಿಸಿ. ತೋಳುಗಳು, ಅವುಗಳ ನಡುವಿನ ಧೂಳಿನ ಪಟ್ಟೆಗಳು, ಜೊತೆಗಾರ ಗೆಲಾಕ್ಸಿ ಎನ್‌ಜಿಸಿ 5195 ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಒಂದೇ ರಾತ್ರಿಯ ಚಿತ್ರ ಶುಚಿಯಾಗಿ ಬಂತು. ಮೂರು ರಾತ್ರಿಯದ್ದನ್ನು ಸೇರಿಸಿದರೆ ಉಂಗುರದಂಥ ಕಲೆಗಳು, ಕೆಲವು ಕಪ್ಪು, ಕೆಲವು ಬಿಳಿ. ಮೊದಲ ರಾತ್ರಿಯ ಫ್ಲ್ಯಾಟ್‌ಗಳನ್ನೇ (ಸಮನಾದ ಬೆಳಕಿಗೆ ಹಿಡಿದು ತೆಗೆದ ತಿದ್ದುಪಡಿ ಫ್ರೇಮ್‌ಗಳನ್ನೇ) ಎಲ್ಲಕ್ಕೂ ಬಳಸಿದ್ದೆ.

ಉತ್ತರ: ಕಾರಣ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಉಂಗುರಗಳು ಧೂಳಿನ ಕಣಗಳ ನೆರಳು. ಫ್ಲ್ಯಾಟ್‌ನಿಂದ ಭಾಗಿಸಿದಾಗ ಆ ನೆರಳು ಅಳಿಯುತ್ತದೆ, ಆದರೆ ಕಣ ಎರಡು ಕಡೆಯೂ ಒಂದೇ ಜಾಗದಲ್ಲಿರಬೇಕು. ಹೊಸದಾಗಿ ಬಂದು ಕೂತ ಕಣ ಕಪ್ಪು ಉಂಗುರವಾಗಿ ಉಳಿಯುತ್ತದೆ. ಫ್ಲ್ಯಾಟ್‌ನಲ್ಲಿದ್ದು ಆಮೇಲೆ ಹಾರಿಹೋದದ್ದು ಬಿಳಿ ಉಂಗುರ ಬಿಡುತ್ತದೆ. ಚಿಕ್ಕ, ಗಾಢ ಉಂಗುರವಾದರೆ ಧೂಳು ಸೆನ್ಸರ್‌ನ ಗಾಜಿನ ಮೇಲಿದೆ. ದೊಡ್ಡದು, ಮಸುಕಾದದ್ದು ಆದರೆ ಇನ್ನೂ ದೂರದಲ್ಲಿ, ಬಹುಶಃ ಫಿಲ್ಟರ್ ಮೇಲೆ.

ಬೆಳಕಿರುವ ಊರಿನಲ್ಲಿ ಈ ವಿಷಯಕ್ಕೆ ಇಷ್ಟು ತೂಕ ಕೊಡಲೇಬೇಕು. ಎಂ51ರ ಹೊರಗಿನ ಮಸುಕು ಭಾಗ ನಿಮ್ಮ ಆಕಾಶದ ಬೆಳಕಿನ ನೂರರಲ್ಲಿ ಒಂದು ಪಾಲಿನಷ್ಟೇ. ಫ್ಲ್ಯಾಟ್ ಶೇ 1ರಷ್ಟು ತಪ್ಪಿದರೂ ತಪ್ಪು ಮತ್ತು ಗೆಲಾಕ್ಸಿ ಸಮಬಲದಲ್ಲಿ ನಿಲ್ಲುತ್ತವೆ. ಆದ್ದರಿಂದ ಪ್ರತಿ ರಾತ್ರಿಯ ಕೆಲಸ ಮುಗಿದ ಕೂಡಲೇ, ಕ್ಯಾಮೆರಾ ಬಿಚ್ಚುವ ಮೊದಲು, ಫೋಕಸ್ ಕೂಡ ಮುಟ್ಟದೆ, 25-30 ಫ್ಲ್ಯಾಟ್ ತೆಗೆದುಬಿಡಿ. ಟೆಲಿಸ್ಕೋಪಿನ ಬಾಯಿಗೆ ಸುಕ್ಕಿಲ್ಲದ ಬಿಳಿ ಬಟ್ಟೆ, ಅದರ ಮೇಲೆ ಬೆಳಕಿನ ಪ್ಯಾನೆಲ್ ಇಡಿ. ಗೇನ್ (ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಮಟ್ಟ) ಗೆಲಾಕ್ಸಿಯ ಫ್ರೇಮ್‌ಗಳದ್ದೇ ಇರಲಿ, ಹಿಸ್ಟೋಗ್ರಾಂನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಗುಡ್ಡ ನಡುಮಧ್ಯೆ ಬರಲಿ. ಎಕ್ಸ್‌ಪೋಷರ್ ಒಂದು ಸೆಕೆಂಡಿಗಿಂತ ಹೆಚ್ಚಿರುವಷ್ಟು ಪ್ಯಾನೆಲ್ ಮಂದ ಮಾಡಿ, ಇಲ್ಲದಿದ್ದರೆ ಅದರ ಮಿನುಗು ಪಟ್ಟೆಗಳಾಗಿ ಮೂಡಬಹುದು. ಅಷ್ಟೇ ಅವಧಿಯ ಡಾರ್ಕ್‌ಗಳನ್ನು (ಕ್ಯಾಮೆರಾದ ಸ್ವಂತ ದೋಷಗಳನ್ನು ಕಳೆಯಲು ಬಳಸುವ ಕತ್ತಲೆಯ ಫ್ರೇಮ್‌ಗಳನ್ನು) ಮುಚ್ಚಳ ಹಾಕಿ ತೆಗೆಯಿರಿ.

ಕಂಪ್ಯೂಟರಿನಲ್ಲಿ ರಾತ್ರಿಗೊಂದು ಫೋಲ್ಡರ್ ಇರಲಿ. ಒಂದೊಂದು ರಾತ್ರಿಯ ಫ್ರೇಮ್‌ಗಳಿಗೂ ಅದೇ ರಾತ್ರಿಯ ಫ್ಲ್ಯಾಟ್ ಹಾಕಿ ಕ್ಯಾಲಿಬ್ರೇಟ್ ಮಾಡಿದ ಮೇಲೆಯೇ ಎಲ್ಲವನ್ನೂ ಒಟ್ಟುಗೂಡಿಸಿ ಅಲೈನ್ ಮಾಡಬೇಕು. ಗೆಲಾಕ್ಸಿಯ ಫ್ರೇಮ್‌ಗಳ ಡಾರ್ಕ್‌ಗಳನ್ನು ಮಾತ್ರ, ಉಷ್ಣಾಂಶ, ಗೇನ್, ಅವಧಿ ಒಂದೇ ಆಗಿದ್ದರೆ, ಎಲ್ಲ ರಾತ್ರಿಗಳಿಗೂ ಬಳಸಬಹುದು. ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಇದೆಲ್ಲ ಆಗುತ್ತದೆ. ಬೀದಿದೀಪದ ಬೆಳಕಿನ ಇಳಿಜಾರು ಗಂಟೆಗಂಟೆಗೆ ದಿಕ್ಕು ಬದಲಿಸುವುದರಿಂದ, ಸ್ಟ್ಯಾಕ್ ಮಾಡುವ (ಫ್ರೇಮ್‌ಗಳನ್ನೆಲ್ಲ ಕೂಡಿಸಿ ಒಂದೇ ಚಿತ್ರವಾಗಿಸುವ) ಮೊದಲೇ ಪ್ರತಿ ಫ್ರೇಮ್‌ನಿಂದ ಅದನ್ನು ಸರಳ ರೇಖೀಯ ಮಟ್ಟದಲ್ಲಿ ತೆಗೆಯಿರಿ. ಸ್ಟ್ಯಾಕ್ ಆದ ಮೇಲೆ ಉಳಿದಿದ್ದು ಜಟಿಲವಾಗಿರುತ್ತದೆ. ಅದನ್ನು ಒತ್ತಾಯದಿಂದ ತೆಗೆಯಲು ಹೋದರೆ ಗೆಲಾಕ್ಸಿಯ ಹೊರಭಾಗವೂ ಅದರ ಜೊತೆ ಹೋಗುತ್ತದೆ.

ಪ್ರಶ್ನೆ: ಚಿತ್ರದ ತುಂಬ ಒಂದೇ ಕಡೆಗೆ ವಾಲಿದ, ಮಳೆ ಸುರಿದಂಥ ಗೀರುಗಳು. ಗೈಡಿಂಗ್ ಸರಿಯಾಗಿಯೇ ಇತ್ತು.

ಉತ್ತರ: ನೀವು ಡಿದರಿಂಗ್ (ಫ್ರೇಮ್‌ಗಳ ನಡುವೆ ಮೌಂಟನ್ನು ತುಸು ಸರಿಸುವುದು) ಮಾಡಿಲ್ಲ. ಪೋಲಾರ್ ಅಲೈನ್‌ಮೆಂಟ್‌ನ (ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದರ) ಸಣ್ಣ ದೋಷದಿಂದ ಅಥವಾ ಗೈಡ್‌ಸ್ಕೋಪ್ ಬಾಗುವುದರಿಂದ ಚಿತ್ರ ನಿಧಾನವಾಗಿ ಒಂದೇ ದಿಕ್ಕಿಗೆ ಜರುಗುತ್ತಿರುತ್ತದೆ. ನಕ್ಷತ್ರಗಳನ್ನು ಜೋಡಿಸಿದಾಗ ಸೆನ್ಸರ್‌ನ ಕೆಟ್ಟ ಪಿಕ್ಸೆಲ್‌ಗಳು ಸಾಲುಗಟ್ಟಿ ಗೀರಾಗುತ್ತವೆ. ಪ್ರತಿ ಎರಡು-ಮೂರು ಫ್ರೇಮ್‌ಗೊಮ್ಮೆ ಮೌಂಟನ್ನು 10-15 ಪಿಕ್ಸೆಲ್‌ನಷ್ಟು ಮನಬಂದ ದಿಕ್ಕಿಗೆ ಸರಿಸುವಂತೆ ಹೊಂದಿಸಿ. ಈ ಅಳತೆ ಮುಖ್ಯ ಕ್ಯಾಮೆರಾದ್ದು. ಗೈಡ್ ಕ್ಯಾಮೆರಾದ ಪಿಕ್ಸೆಲ್‌ನಲ್ಲಿ ಮೂರೋ ನಾಲ್ಕೋ ಆಗಬಹುದು, ಲೆಕ್ಕ ಹಾಕಿಕೊಳ್ಳಿ. ಆಮೇಲೆ ಸ್ಟ್ಯಾಕಿಂಗ್‌ನಲ್ಲಿ ಸಿಗ್ಮಾ ಕ್ಲಿಪ್ಪಿಂಗ್ (ಉಳಿದ ಫ್ರೇಮ್‌ಗಳಿಗೆ ಹೊಂದದ ಪಿಕ್ಸೆಲ್‌ಗಳನ್ನು ಕೈಬಿಡುವ ವಿಧಾನ) ಆರಿಸಿದರೆ ಗೀರುಗಳೂ ಉಪಗ್ರಹಗಳ ಗೆರೆಗಳೂ ಒಟ್ಟಿಗೆ ಹೋಗುತ್ತವೆ.

ಪ್ರಶ್ನೆ: ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಕೊಳ್ಳಲೇ?

ಉತ್ತರ: ಗೆಲಾಕ್ಸಿಗಾಗಿ ಬೇಡ. ಗೆಲಾಕ್ಸಿಯ ಬೆಳಕು ಬಹುಪಾಲು ನಕ್ಷತ್ರಗಳದ್ದು, ಎಲ್ಲ ಬಣ್ಣಗಳಲ್ಲೂ ಹರಡಿದೆ. ಎಲ್‌ಇಡಿ ದೀಪದ್ದೂ ಹಾಗೆಯೇ, ಹಾಗಾಗಿ ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ. ತೋಳುಗಳಲ್ಲಿರುವ ಗುಲಾಬಿ ಹೈಡ್ರೋಜನ್ ಮೋಡಗಳು ಬೇಕಿದ್ದರೆ ಮಾತ್ರ ಹೈಡ್ರೋಜನ್-ಆಲ್ಫಾ ಫಿಲ್ಟರ್‌ನಲ್ಲಿ ಬೇರೆಯಾಗಿ ಕೆಲವು ಗಂಟೆ ತೆಗೆದು ಕೆಂಪಿಗೆ ಸೇರಿಸಿ. ಎಂ51 ನಮ್ಮಿಂದ ದೂರ ಸರಿಯುತ್ತಿರುವುದರಿಂದ 656.3 ನ್ಯಾನೊಮೀಟರ್‌ನ ಆ ಗೆರೆ ಸುಮಾರು 1 ನ್ಯಾನೊಮೀಟರ್ ಕೆಂಪಿನತ್ತ ಜರುಗಿರುತ್ತದೆ. 3 ನ್ಯಾನೊಮೀಟರ್ ಅಗಲದ ಫಿಲ್ಟರ್‌ಗಿಂತ 6-7ರದ್ದು ಸುರಕ್ಷಿತ.

ಪ್ರಶ್ನೆ: ಮಧ್ಯರಾತ್ರಿ ಕಳೆದಂತೆ ನಕ್ಷತ್ರಗಳು ಊದಿಕೊಳ್ಳುತ್ತವೆ. ಇಬ್ಬನಿಯೋ, ಫೋಕಸ್ಸೋ?

ಉತ್ತರ: ಫ್ರೇಮ್‌ಗಳನ್ನು ಸಾಲಾಗಿ ತೆರೆದು ನೋಡಿ. ಎಲ್ಲ ನಕ್ಷತ್ರಗಳೂ ಸಮನಾಗಿ ದಪ್ಪವಾಗುತ್ತಾ ಹೋದರೆ ಅದು ಫೋಕಸ್: ಚಳಿಗೆ ಟ್ಯೂಬ್ ಕುಗ್ಗಿದೆ. ಗಂಟೆಗೊಮ್ಮೆ ಬಾಹ್ಟಿನೋವ್ ಮಾಸ್ಕ್ (ಫೋಕಸ್ ನೋಡಲು ಟೆಲಿಸ್ಕೋಪಿನ ಬಾಯಿಗೆ ಇಡುವ ಸೀಳುಗಳುಳ್ಳ ಮುಚ್ಚಳ) ಹಾಕಿ ಸರಿಪಡಿಸಿ. ದೊಡ್ಡ ನಕ್ಷತ್ರಗಳ ಸುತ್ತ ಮಂಜಿನಂಥ ಪ್ರಭೆ ಹರಡಿ, ಸಣ್ಣ ನಕ್ಷತ್ರಗಳು ಒಂದೊಂದಾಗಿ ಕಾಣೆಯಾಗುತ್ತಿದ್ದರೆ ಲೆನ್ಸ್ ಮೇಲೆ ಇಬ್ಬನಿ ಕೂತಿದೆ. ಹೀಟರ್ ಪಟ್ಟಿಯನ್ನು ಸಂಜೆಯೇ ಕಡಿಮೆ ಶಾಖದಲ್ಲಿ ಹಚ್ಚಿಡಿ. ಇಬ್ಬನಿ ಕೂತ ಮೇಲೆ ಬಟ್ಟೆಯಿಂದ ಒರೆಸಬೇಡಿ, ಲೇಪನಕ್ಕೆ ಗೀರು ಬೀಳುತ್ತದೆ. ಹಾಳಾದ ಫ್ರೇಮ್‌ಗಳನ್ನು ಸ್ಟ್ಯಾಕ್‌ನಿಂದ ಹೊರಗಿಡಿ.